ತೀರ್ಥೋದ್ಭವದ ಲೆಕ್ಕ, ಇಗ್ಗುತ್ತಪ್ಪನ ಮಳೆ, ಮದ್ದು ಸೊಪ್ಪಿನ ಬಣ್ಣ

ವಿಜ್ಞಾನಕ್ಕೂ ದೇವರಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಕೊಡಗಿನ ಕೆಲವು ನಂಬಿಕೆಗಳ ಲೆಕ್ಕದಿಂದಲೇ ನೋಡೋಣ. ಸೂರ್ಯ ತುಲಾ ರಾಶಿಗೆ ಕಾಲಿಡುವ ಸಂಕ್ರಮಣದ ಗಳಿಗೆಗೆ ತಲಕಾವೇರಿಯಲ್ಲಿ ಕಾವೇರಿ ತೀರ್ಥವಾಗಿ ಉಕ್ಕುತ್ತಾಳೆ ಎಂಬುದು ನಂಬಿಕೆ, ಅದೇ ತೀರ್ಥೋದ್ಭವ. ಅದರ ಸಮಯಗಳನ್ನು ಒಂದರ ಕೆಳಗೊಂದು ಬರೆದು ನೋಡಿ. 2022ರಲ್ಲಿ ಅಕ್ಟೋಬರ್ 17ರ ಸಂಜೆ 7.21. ಮರುವರ್ಷ ಮಧ್ಯರಾತ್ರಿ ದಾಟಿ 18ರ 1.27. 2024ರಲ್ಲಿ 17ರ ಬೆಳಿಗ್ಗೆ 7.40. 2025ರಲ್ಲಿ 17ರ ಮಧ್ಯಾಹ್ನ 1.44. ನಡುವಿನ ಅಂತರ ಕ್ರಮವಾಗಿ ಆರು ಗಂಟೆ ಆರು ನಿಮಿಷ, ಆರು ಗಂಟೆ ಹದಿಮೂರು ನಿಮಿಷ, ಆರು ಗಂಟೆ ನಾಲ್ಕು ನಿಮಿಷ.

ಪಂಚಾಂಗ ಓದಲು ಬಾರದವರಿಗೂ ಈ ಲೆಕ್ಕ ಸಿಗುತ್ತದೆ. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡರೆ ಭೂಮಿ ಸೂರ್ಯನನ್ನು ಒಂದು ಸುತ್ತು ಬರಲು 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು ಬೇಕು. ಸಂಕ್ರಮಣ ವರ್ಷವರ್ಷವೂ ಆ ಆರು ಗಂಟೆ ಒಂಬತ್ತು ನಿಮಿಷ ಮುಂದೆ ಸರಿಯುತ್ತದೆ. ಫೆಬ್ರವರಿ 29 ಬಂದ ವರ್ಷ ಒಂದು ದಿನ ಹಿಂದಕ್ಕೆ ಬೀಳುತ್ತದೆ. 2023ರ ಹದಿನೆಂಟು 2024ಕ್ಕೆ ಹದಿನೇಳಾದದ್ದು ಹಾಗೆ. ಒಂಬತ್ತು ನಿಮಿಷದ ಜಾಗದಲ್ಲಿ ಕೆಲವೊಮ್ಮೆ ನಾಲ್ಕು, ಕೆಲವೊಮ್ಮೆ ಹದಿಮೂರು ಬರುವುದು ಚಂದ್ರ, ಶುಕ್ರ, ಗುರು ಎಲ್ಲರೂ ಭೂಮಿಯನ್ನು ಚೂರು ಆಚೀಚೆ ಎಳೆಯುವುದರಿಂದ.

ಆಕಾಶದಲ್ಲಿ ಆ ಗಳಿಗೆ ಏನಾಗುತ್ತದೆ? ಸೂರ್ಯ ಚಿತ್ತಾ ನಕ್ಷತ್ರದ ಪಕ್ಕ, ಅದರಿಂದ ಎರಡು ಡಿಗ್ರಿ ಉತ್ತರಕ್ಕೆ, ಹಾದು ಹೋಗುತ್ತಾನೆ. ಹಗಲ ಬೆಳಕಿನಲ್ಲಿ ನಕ್ಷತ್ರ ಕಾಣದು, ಲೆಕ್ಕದಲ್ಲಿ ಮಾತ್ರ ಕಾಣುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಚಿತ್ರಾಪಕ್ಷ ಅಯನಾಂಶದಲ್ಲಿ ಆ ನಕ್ಷತ್ರವಿರುವ ಜಾಗವೇ ತುಲಾ ರಾಶಿಯ ಆರಂಭ. ಅಯನಾಂಶವೆಂದರೆ ವಸಂತ ವಿಷುವದ ಬಿಂದುವಿಗೂ ನಕ್ಷತ್ರ ಲೆಕ್ಕದ ಮೇಷಾರಂಭಕ್ಕೂ ನಡುವಿನ ಅಂತರ. ಈಗ ಅದು ಸುಮಾರು 24 ಡಿಗ್ರಿ 12 ಕಲೆ (ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). ಸೂರ್ಯನ ಸಾಯನ ಸ್ಥಾನ, ಅಂದರೆ ವಸಂತ ವಿಷುವದಿಂದ ಎಣಿಸಿದ್ದು, 204 ಡಿಗ್ರಿ 12 ಕಲೆ ಮುಟ್ಟಿದಾಗ ತುಲಾ ಸಂಕ್ರಮಣ. ಅಕ್ಟೋಬರಿನಲ್ಲಿ ಸೂರ್ಯ ದಿನಕ್ಕೆ ಐವತ್ತೊಂಬತ್ತೂವರೆ ಕಲೆ ನಡೆಯುವುದರಿಂದ ಅಯನಾಂಶದಲ್ಲಿ ಒಂದು ಕಲೆ ವ್ಯತ್ಯಾಸವಾದರೆ ಸಮಯದಲ್ಲಿ 24 ನಿಮಿಷ ವ್ಯತ್ಯಾಸವಾಗುತ್ತದೆ. ಎರಡು ಪಂಚಾಂಗಗಳ ನಡುವೆ ಹತ್ತು ಹದಿನೈದು ನಿಮಿಷ ಹೆಚ್ಚುಕಮ್ಮಿ ಕಂಡರೆ ಗಾಬರಿ ಬೇಡ, ಅರ್ಧ ಕಲೆಯ ಮಾತು ಅಷ್ಟೇ.

ಹಳೆಯ ಸೂರ್ಯಸಿದ್ಧಾಂತದ ವರ್ಷಮಾನ ನಿಜವಾದದ್ದಕ್ಕಿಂತ ಮೂರೂವರೆ ನಿಮಿಷದಷ್ಟು ಉದ್ದ. ಒಂದು ವರ್ಷಕ್ಕೆ ಏನೂ ಅಲ್ಲ. ಸಾವಿರ ವರ್ಷಕ್ಕೆ ಎರಡು ದಿನಕ್ಕೂ ಮೀರಿ ತಪ್ಪುತ್ತದೆ. ಇಂಥ ತಪ್ಪುಗಳನ್ನು ಸರಿಮಾಡಲು 1952ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು, 1955ರಲ್ಲಿ ವರದಿ ಬಂತು. ಅಧ್ಯಕ್ಷರು ಭೌತವಿಜ್ಞಾನಿ ಮೇಘನಾದ ಸಹಾ. ದೇವರನ್ನು ನಂಬದ ಮನುಷ್ಯ. ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿ ಲೆಕ್ಕ ಹಾಕುವ ಇವತ್ತಿನ ದೃಗ್ಗಣಿತ ಪಂಚಾಂಗಗಳು ನೆಚ್ಚಿಕೊಂಡಿರುವ ಅಯನಾಂಶ ಆ ಸಮಿತಿ ಗೊತ್ತುಮಾಡಿದ್ದು. ಅಂದರೆ ಇಂಥ ಪಂಚಾಂಗ ನೋಡಿ ಸಂಕ್ರಮಣದ ಪೂಜೆಗೆ ಕೂರುವ ಭಕ್ತರು ಗಳಿಗೆಯ ಮಟ್ಟಿಗೆ ಒಬ್ಬ ನಾಸ್ತಿಕರ ಲೆಕ್ಕವನ್ನು ಒಪ್ಪಿಕೊಂಡಿದ್ದಾರೆ. ಯಾರ ಭಕ್ತಿಯೂ ಇದರಿಂದ ಸವೆದಿಲ್ಲ.

ವಿಜ್ಞಾನಕ್ಕೂ ದೇವರಿಗೂ ಹೊಂದುತ್ತದೆಯೇ ಎಂದು ಇಡಿಯಾಗಿ ಕೇಳಿದರೆ ಹೌದು ಎನ್ನುವವರೂ ಇಲ್ಲ ಎನ್ನುವವರೂ ಗಂಟಲು ಹರಿದುಕೊಳ್ಳುತ್ತಾರೆ, ಅಷ್ಟೇ. ನಂಬಿಕೆ ಎನ್ನುವುದು ಒಂದೇ ಮಾತಲ್ಲ, ಹಲವು ಮಾತುಗಳ ಗಂಟು. ಗಂಟು ಬಿಚ್ಚಿ ಒಂದೊಂದೇ ಮಾತನ್ನು ಕೈಗೆತ್ತಿಕೊಂಡರೆ ಕೆಲಸ ಮುಂದೆ ಸಾಗುತ್ತದೆ. ತೀರ್ಥೋದ್ಭವದಲ್ಲೇ ಮೂರು ಮಾತುಗಳಿವೆ. ಸಂಕ್ರಮಣ ಇಂಥ ಹೊತ್ತಿಗೆ ಎಂಬುದು ಖಗೋಳದ ಮಾತು, ತಪ್ಪಿದರೆ ತಿದ್ದಬಹುದು. ಕಾವೇರಮ್ಮೆ ಆ ಹೊತ್ತು ತೀರ್ಥರೂಪದಲ್ಲಿ ಬರುತ್ತಾಳೆ ಎಂಬುದಕ್ಕೆ ಅಳತೆಗೋಲೇ ಇಲ್ಲ. ಹಾಗೆಂದು ಅದು ಸುಳ್ಳೆಂದಾಗಲಿ ನಿಜವೆಂದಾಗಲಿ ಆಗುವುದಿಲ್ಲ. ಮೂರನೆಯದು, ಕುಂಡಿಕೆಯ (ತಲಕಾವೇರಿಯ ಪುಟ್ಟ ಕೊಳದ) ನೀರು ಆ ನಿಮಿಷಕ್ಕೇ ಉಕ್ಕುತ್ತದೆ ಎಂಬ ಮಾತು. ಇದು ಪೂರ್ತಿಯಾಗಿ ನೀರಿನ ಮಾತು.

ನೀರಿನ ಮಾತಾದ ಮೇಲೆ ಅದಕ್ಕೆ ನೀರಿನ ನಿಯಮವೇ. ತಲಕಾವೇರಿ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಡಿದ ಮಳೆಯನ್ನು ಬ್ರಹ್ಮಗಿರಿಯ ಮಣ್ಣು ನಿಧಾನವಾಗಿ ಬಿಟ್ಟುಕೊಡುವ ಕಾಲ ಅಕ್ಟೋಬರ್. ಜಲ ತುಂಬಿರುವುದು ಸಹಜ. ಇಂಥ ಒಂದು ಊಟೆಯಲ್ಲಿ ನಿರ್ದಿಷ್ಟ ನಿಮಿಷಕ್ಕೆ ನೀರು ಏರುತ್ತದೆಯೇ ಎಂದು ತಿಳಿಯಬೇಕಾದರೆ ಒತ್ತಡ ಅಳೆಯುವ ಸಂವೇದಕವನ್ನು ನೀರಿನಲ್ಲಿಳಿಸಿ, ನಿಮಿಷಕ್ಕೊಂದರಂತೆ, ಸಂಕ್ರಮಣದ ಹಿಂದೆ ಮುಂದೆ ಹದಿನೈದು ದಿನ ಅಳೆಯಬೇಕು. ಹೆಚ್ಚಿನವರು ಎಡವುವುದು ಗಾಳಿಯ ಒತ್ತಡದಲ್ಲಿ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ನಾಲ್ಕರ ಸುಮಾರಿಗೆ ಇಳಿಯುತ್ತದೆ. ಏರಿಳಿತ ಎರಡು ಮೂರು ಹೆಕ್ಟೋಪಾಸ್ಕಲ್. ಒಂದು ಹೆಕ್ಟೋಪಾಸ್ಕಲ್ ಎಂದರೆ ಒಂದು ಸೆಂಟಿಮೀಟರ್ ನೀರು. ಗಾಳಿಯ ಒತ್ತಡವನ್ನು ಪಕ್ಕದಲ್ಲೇ ಬೇರೆಯಾಗಿ ಅಳೆದು ಕಳೆಯದಿದ್ದರೆ ನೀರು ಅಲುಗದಿದ್ದರೂ ಉಪಕರಣ ಎರಡು ಮೂರು ಸೆಂಟಿಮೀಟರ್ ಏರಿತೆಂದು ತೋರಿಸುತ್ತದೆ. ಆ ವರ್ಷದ ಮುಹೂರ್ತ ಬೆಳಿಗ್ಗೆ ಏಳೂವರೆಗೆ ಬಂದರೆ ಪವಾಡ, ಮಧ್ಯಾಹ್ನ ಒಂದೂಮುಕ್ಕಾಲಿಗೆ ಬಂದರೆ ಇಳಿತ! ಇದರ ಮೇಲೆ ಸಾವಿರಾರು ಜನರ ನೂಕುನುಗ್ಗಲು, ಬಿಂದಿಗೆ ಅದ್ದುವುದು, ತೀರ್ಥ ಮೊಗೆದು ಎರಚುವುದು ಎಲ್ಲವೂ ನೀರನ್ನು ಕಲಕುತ್ತವೆ. ಬ್ರಹ್ಮಕುಂಡಿಕೆಗೆ ಯಂತ್ರ ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಪೂಜೆಯ ಜಾಗ, ಪ್ರಯೋಗಾಲಯವಲ್ಲ. ಆದರೆ ‘ವಿಜ್ಞಾನಿಗಳೇ ಬೆರಗಾದರು’ ಎಂದು ವಾಟ್ಸಾಪಿನಲ್ಲಿ ಹಾಕುವವರು ಇಷ್ಟನ್ನು ಕೇಳಿಕೊಳ್ಳಬೇಕು. ಅಳೆದದ್ದು ಯಾವುದರಿಂದ, ಕಳೆದದ್ದು ಯಾವುದನ್ನು?

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯದ್ದು ಇನ್ನೂ ಸೊಗಸಾದ ಲೆಕ್ಕ. ಹುತ್ತರಿಗೆ ರೋಹಿಣಿ ನಕ್ಷತ್ರವೂ ಬೇಕು, ಹುಣ್ಣಿಮೆಯ ಬೆಳದಿಂಗಳೂ ಬೇಕು. ಹುಣ್ಣಿಮೆಯೆಂದರೆ ಚಂದ್ರ ಸೂರ್ಯನ ಎದುರು. ವೃಶ್ಚಿಕ ಮಾಸದಲ್ಲಿ ಸೂರ್ಯನ ಎದುರಿಗೆ ಬರುವುದು ವೃಷಭ, ಅಂದರೆ ಕೃತ್ತಿಕೆಯ ಬಹುಪಾಲು, ಇಡೀ ರೋಹಿಣಿ, ಮೃಗಶಿರದ ಅರ್ಧ. ಚಂದ್ರ ದಿನಕ್ಕೆ ಹೆಚ್ಚುಕಮ್ಮಿ ಒಂದು ನಕ್ಷತ್ರ ದಾಟುತ್ತಾನೆ. ಹೀಗಾಗಿ ರೋಹಿಣಿ ಹುಣ್ಣಿಮೆಯ ದಿನವೇ ಸಿಗುತ್ತದೆ, ಇಲ್ಲವೇ ಒಂದು ದಿನ ಹಿಂದೆ ಮುಂದೆ. ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು (ಹೊಸ ತೆನೆ) ತೆಗೆಯುವ ಹೊತ್ತು ನಿಗದಿಯಾಗುವುದು ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ. ಅದಕ್ಕೆ ಆಧಾರ ಚಂದ್ರನ ಚಲನೆ. ಇಲ್ಲಿ ಜಗಳವೇ ಇಲ್ಲ.

ಜಗಳ ಮಳೆಯಲ್ಲಿದೆ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ಮಳೆ ಬೆಳೆಯ ದೇವರು. ಫೆಬ್ರವರಿ ಮಾರ್ಚಿನಲ್ಲಿ ರೊಬಸ್ಟಾ ಕಾಫಿ ಮೊಗ್ಗು ಕಟ್ಟಿಕೊಂಡು ಕಾಯುತ್ತಿರುವಾಗ ಒಂದು ಇಂಚಿನ ಮೇಲೆ ಹೂಮಳೆ ಬೇಕು, ಆಮೇಲೆ ಎರಡು ಮೂರು ವಾರದೊಳಗೆ ಅದಕ್ಕೆ ಬೆಂಬಲವಾಗಿ ಬ್ಯಾಕಿಂಗ್ ಮಳೆ. ಇಪ್ಪತ್ತು ಸೆಂಟು (ಇಂಚಿನ ಐದನೇ ಒಂದು ಭಾಗ) ಬಿದ್ದು ನಿಂತರೆ ಬಾರದೇ ಇದ್ದದ್ದೇ ಲೇಸು ಅನಿಸುತ್ತದೆ, ಮೊಗ್ಗು ಅರೆಬಿರಿದು ಕೆಡುತ್ತದೆ. ಹರಕೆ ಹೊತ್ತ ವಾರದಲ್ಲೇ ಮಳೆ ಬಂತು ಎನ್ನುವ ಮಾತು ಹುಟ್ಟುವುದು ಇಂಥ ಕಾತರದಲ್ಲಿ.

ಆ ಮಾತನ್ನು ಪರೀಕ್ಷಿಸಬಹುದೇ? ತೋಟದ ಮಳೆ ಪುಸ್ತಕ ಇದ್ದವರು ಮಾಡಬಹುದು, ಆದರೆ ಅಂದುಕೊಂಡಷ್ಟು ಸುಲಭವಲ್ಲ. ಜನ ಹರಕೆ ಹೊರುವುದು ಒಣಗಿದ್ದಾಗ, ಅದರಲ್ಲೂ ಮಾರ್ಚ್ ಕೊನೆಗೆ. ಆ ದಿನಗಳಲ್ಲಿ ಪೂಜೆ ಇರಲಿ ಬಿಡಲಿ, ವಾರ ಕಳೆದಂತೆ ಗುಡುಗು ಮಳೆಯ ಸಂಭವ ತಾನಾಗಿ ಹೆಚ್ಚುತ್ತದೆ. ತೀರಾ ಕೆಟ್ಟ ಗಳಿಗೆಯಲ್ಲಿ ಏನೇ ಮಾಡಿದರೂ ಮುಂದಿನದು ಸ್ವಲ್ಪ ವಾಸಿಯಾಗಿಯೇ ಕಾಣುತ್ತದೆ. ಜ್ವರ ಏರಿದ ದಿನ ಕಟ್ಟಿದ ತಾಯಿತಕ್ಕೆ ಹೆಸರು ಬರುವುದೂ ಹೀಗೆಯೇ. ಆದ್ದರಿಂದ ಹೋಲಿಸಬೇಕಾದ್ದು ಪೂಜೆಯ ಹಿಂದಿನ ವಾರವನ್ನೂ ಮುಂದಿನ ವಾರವನ್ನೂ ಅಲ್ಲ. ಮೂವತ್ತು ವರ್ಷದ ಪುಸ್ತಕ ತೆಗೆದು, ಮಾರ್ಚ್ 20ರ ಹೊತ್ತಿಗೆ ಹದಿನೈದು ದಿನ ಹನಿ ಬೀಳದ ವರ್ಷಗಳನ್ನು ಮಾತ್ರ ಆರಿಸಿ. ಅವುಗಳಲ್ಲಿ ಪೂಜೆ ನಡೆದವನ್ನೂ ನಡೆಯದವನ್ನೂ ಬೇರೆ ಮಾಡಿ, ಮುಂದಿನ ಹತ್ತು ದಿನದಲ್ಲಿ ಒಂದು ಇಂಚು ದಾಟಿದ್ದು ಎಷ್ಟು ಸಲ ಎಂದು ಎಣಿಸಿ. ಎರಡು ಗುಂಪಿನಲ್ಲೂ ಏಳೆಂಟು ವರ್ಷಗಳಷ್ಟೇ ಉಳಿಯುತ್ತವೆ ಎಂಬುದು ಆಗ ಗೊತ್ತಾಗುತ್ತದೆ, ಅಷ್ಟರಲ್ಲಿ ಯಾವ ತೀರ್ಪೂ ಕೊಡಲಾಗದು.

ಪುಸ್ತಕದ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಮಳೆಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲಿರಬೇಕು. ಅರವತ್ತು ಅಡಿಯ ಸಿಲ್ವರ್ ಓಕ್‌ನಿಂದ ಕನಿಷ್ಠ ನೂರಿಪ್ಪತ್ತು ಅಡಿ ದೂರ ಬೇಕು. ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆಗೆ 20 ಮಿಲಿಲೀಟರ್ ನೀರು ಸಿಗಬೇಕು, ಅಳತೆಗಾಜು ಬೇರೆ ಮಾಪಕದ್ದಾದರೆ ಲೆಕ್ಕವೆಲ್ಲ ಹಾಳು. ದೊಡ್ಡ ಗೊಂದಲ ತಾರೀಖಿನದು. ಹವಾಮಾನ ಇಲಾಖೆ ಬೆಳಿಗ್ಗೆ ಎಂಟೂವರೆಗೆ ಅಳೆದು ಆ ದಿನದ ಕೆಳಗೆ ಬರೆಯುತ್ತದೆ. 20ರ ಸಂಜೆಯ ಮಳೆ 21ರ ಮಳೆಯಾಗಿ ದಾಖಲಾಗುತ್ತದೆ. ಮನೆಯ ಪುಸ್ತಕದಲ್ಲಿ ಅದೇ ಮಳೆ 20ಕ್ಕೆ ಬಿದ್ದಿರುತ್ತದೆ. ‘ಪೂಜೆಯ ಮಾರನೇ ದಿನವೇ’ ಎನ್ನುವುದು ಎಷ್ಟೋ ಸಲ ಪೂಜೆಗೆ ಮುಂಚೆಯೇ ಬಿದ್ದ ಮಳೆ.

ಪ್ರಾರ್ಥನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದೂ ಉಂಟು. ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ತಮಗಾಗಿ ಅಪರಿಚಿತರು ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು ಎಂದಷ್ಟೇ ತಿಳಿದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ನಡೆದ ಕಡೆ ತೊಡಕು ಕಂಡವರು ಶೇ. 52, ನಡೆಯದ ಕಡೆ ಶೇ. 51. ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದ ಗುಂಪಿನಲ್ಲಿ ಶೇ. 59. ಇದರಿಂದ ದೇವರಿಲ್ಲ ಎಂದು ಸಾಧಿಸಿದಂತಾಯಿತೆಂದು ಹಾರಾಡಿದವರು ಒಂದು ಸಂಗತಿ ಮರೆತರು. ಪ್ರಾರ್ಥನೆಯಿಲ್ಲದ ಗುಂಪಿನವರ ಹೆಂಡತಿ ಮಕ್ಕಳು ಸುಮ್ಮನಿದ್ದರೇ? ಶುದ್ಧವಾದ ‘ಪ್ರಾರ್ಥನೆಯಿಲ್ಲದ’ ಗುಂಪು ಈ ಲೋಕದಲ್ಲಿ ಸಿಗುವುದಿಲ್ಲ. ಅಪರಿಚಿತರ ಪ್ರಾರ್ಥನೆಯನ್ನು ಮಾತ್ರೆಯಂತೆ ಕೊಟ್ಟರೆ ಮಾತ್ರೆಯಂತೆ ಕೆಲಸ ಮಾಡದು ಎಂಬಷ್ಟು ಮಾತ್ರ ತಿಳಿಯಿತು. ಬಹಳ ಭಕ್ತರು ಅದನ್ನು ಮೊದಲೇ ಹೇಳುತ್ತಿದ್ದರು.

ಈಗ ಮದ್ದು ಸೊಪ್ಪು. ಕೊಡವರ ಕಕ್ಕಡ (ಆಟಿ) ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3. ಆ ದಿನಕ್ಕೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ, ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ. ಮಾರನೇ ದಿನ ಮೂತ್ರ ಕೆಂಪು. ಮೈಯ ವಿಷ ಹೊರಗೆ ಹೋಗುತ್ತಿದೆ ಎಂದು ಕೆಲವರ ವ್ಯಾಖ್ಯಾನ. ಅದು ಸೊಪ್ಪಿನ ಬಣ್ಣವೇ, ಬೀಟ್‌ರೂಟ್ ತಿಂದಾಗ ಆಗುವಂತೆ ಕರುಳಿನಿಂದ ರಕ್ತಕ್ಕೆ ಹೋಗಿ ಮೂತ್ರಪಿಂಡದಲ್ಲಿ ಸೋಸಿ ಬಂದದ್ದು.

ಸಸ್ಯಶಾಸ್ತ್ರದಲ್ಲಿ ಇದು ಜಸ್ಟಿಸಿಯಾ ವಯನಾಡೆನ್ಸಿಸ್. ‘ಹದಿನೆಂಟು’ ಎಂಬುದನ್ನು ಉಪಕರಣದಲ್ಲಿ ಹುಡುಕುವುದು ವ್ಯರ್ಥ. ಯಾವ ಎಲೆಯ ಸಾರದಲ್ಲೂ ಯಂತ್ರದ ಸೂಕ್ಷ್ಮತೆ ಹೆಚ್ಚಿಸಿದಷ್ಟೂ ಸಂಯುಕ್ತಗಳ ಸಂಖ್ಯೆ ನೂರು ದಾಟಿ ಏರುತ್ತಲೇ ಹೋಗುತ್ತದೆ. ಕೇಳಬಹುದಾದ ಪ್ರಶ್ನೆ ಬೇರೆ: ಹದಿನೆಂಟನೇ ದಿನದ ಸೊಪ್ಪು ಒಂಬತ್ತನೇ ದಿನದ್ದಕ್ಕಿಂತ, ಇಪ್ಪತ್ತೇಳನೇ ದಿನದ್ದಕ್ಕಿಂತ ಬೇರೆಯೇ? ಇದಕ್ಕೆ ಹತ್ತು ಗಿಡ ಗುರುತು ಮಾಡಿ, ಪ್ರತಿ ಸಲವೂ ಅವೇ ಗಿಡಗಳಿಂದ, ಬೆಳಿಗ್ಗೆ ಅದೇ ಹೊತ್ತಿಗೆ, ತುದಿಯಿಂದ ಮೂರನೇ ಜೋಡಿಯ ಎಲೆಗಳನ್ನೇ ಕೊಯ್ಯಬೇಕು. ಎಳೆ ಎಲೆ ಬಲಿತ ಎಲೆ ಬೆರೆತರೆ ನೀವು ಅಳೆಯುವುದು ದಿನದ ಗುಣವಲ್ಲ, ಎಲೆಯ ವಯಸ್ಸು. ಐವತ್ತು ಗ್ರಾಂ ಸೊಪ್ಪು, ಅರ್ಧ ಲೀಟರ್ ನೀರು, ಮುಚ್ಚಳ ಹಾಕಿ ಮೂವತ್ತು ನಿಮಿಷ, ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಪಾತ್ರೆ ಬಣ್ಣ ಕೆಡಿಸುತ್ತದೆ. ನಾಲ್ಕು ದಿನ ಬಿಡದೆ ಸುರಿದ ಮಳೆಯ ನಂತರ ಕೊಯ್ದದ್ದನ್ನೂ ಒಂದು ದಿನ ಬಿಸಿಲು ಕಂಡ ಮೇಲೆ ಕೊಯ್ದದ್ದನ್ನೂ ಹೋಲಿಸಬೇಡಿ. ಶೀಶೆಗಳ ಮೇಲೆ ತಾರೀಖಿನ ಬದಲು ಗುಪ್ತ ಗುರುತು ಹಾಕಿ, ಅಳೆಯುವವರಿಗೆ ಯಾವುದು ಯಾವ ದಿನದ್ದೆಂದು ಗೊತ್ತಾಗದಿರಲಿ. ಬಣ್ಣದ ಗಾಢತೆ ಅಳೆಯಲು ಕಾಲೇಜಿನ ಪ್ರಯೋಗಾಲಯದ ಸ್ಪೆಕ್ಟ್ರೋಫೋಟೋಮೀಟರ್ ಸಾಕು.

ಪ್ರಯೋಗಾಲಯ ಇಲ್ಲದವರಿಗೆ ಮೂರು ಲೋಟದ ಪರೀಕ್ಷೆ ಇದೆ. ಆ ದಿನದ ಸೊಪ್ಪಿನ ಕಂಪೇ ಬೇರೆ ಎನ್ನುತ್ತಾರಲ್ಲ. ಆಗಸ್ಟ್ 3ರ ಮಧ್ಯಾಹ್ನದೊಳಗೆ ಒಂದು ಕಷಾಯ, ವಾರ ಬಿಟ್ಟು ಇನ್ನೊಂದು ಕಷಾಯ ಮಾಡಿ; ಮೊದಲನೆಯದನ್ನು ಫ್ರೀಜರಿನಲ್ಲಿಟ್ಟಿರೆಂದರೆ ಎರಡನೆಯದನ್ನೂ ಒಂದು ರಾತ್ರಿ ಇಡಬೇಕು, ಇಲ್ಲದಿದ್ದರೆ ಮೂಗು ಹಿಡಿಯುವುದು ಫ್ರೀಜರನ್ನು. ಪ್ರತಿಯೊಬ್ಬರಿಗೂ ಮೂರು ಲೋಟ, ಎರಡರಲ್ಲಿ ಒಂದೇ ಕಷಾಯ, ಒಂದರಲ್ಲಿ ಬೇರೆ. ಬೇರೆಯಾದದ್ದನ್ನು ಗುರುತಿಸಬೇಕು. ಬಣ್ಣ ಕಾಣದಂತೆ ಲೋಟಕ್ಕೆ ಬಟ್ಟೆ ಕಟ್ಟಿ. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿಯಾಗಿ ಹೇಳುತ್ತಾರೆ, ಹಾಗಾಗಿ ಹನ್ನೆರಡು ಜನರಲ್ಲಿ ಕನಿಷ್ಠ ಎಂಟು ಮಂದಿ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎನ್ನಬಹುದು. ಏಳಕ್ಕೆ ನಿಂತರೆ ಅದೃಷ್ಟವೂ ಇರಬಹುದು.

ವ್ಯತ್ಯಾಸ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅಲ್ಲಿಂದ ರೋಗ ವಾಸಿಯಾಗುತ್ತದೆ ಎನ್ನುವಲ್ಲಿಗೆ ಇನ್ನೂ ಬಹಳ ದೂರ. ಗಾಜಿನ ಕೊಳವೆಯಲ್ಲಿ ಉತ್ಕರ್ಷಣ ತಡೆಯುವ ಗುಣ ಕಾಫಿಗೂ ಇದೆ, ಅಡುಗೆಗೆ ಹಾಕುವ ಹುಳಿ ಕಾಚಂಪುಳಿಗೂ ಇದ್ದೀತು. ಹಿರಿಯರು ಎಲ್ಲ ಬಲ್ಲವರಾಗಿದ್ದರು ಎಂದು ಲ್ಯಾಬ್ ವರದಿ ಹಿಡಿದು ಓಡಾಡುವುದು ನನಗೆ ಭಕ್ತಿಯಾಗಿ ಕಾಣುವುದಿಲ್ಲ, ಕೀಳರಿಮೆಯಾಗಿ ಕಾಣುತ್ತದೆ. ಹೊಸ ಶೋಧವೊಂದನ್ನು ವಿವರಿಸಿದರೆ ಎಲ್ಲ ವೇದದಲ್ಲೇ ಇದೆ ಎಂದು ಕೈ ಒದರಿದವರನ್ನು ಅದೇ ಮೇಘನಾದ ಸಹಾ ಚುಚ್ಚಿ ಬರೆದಿದ್ದರು. ಕಕ್ಕಡದ ಚಳಿಯಲ್ಲಿ, ನಾಟಿಯ ಕೆಸರಿನಿಂದ ಬಂದವರಿಗೆ ಬಿಸಿ ಪಾಯಸ ಸಾಲದೇ?

ದೇವರಕಾಡಿನ ವಿಷಯದಲ್ಲೂ ಇಂಥದೇ ಅವಸರ. ಕೊಡಗಿನಲ್ಲಿ 1,214 ದೇವರಕಾಡುಗಳು, ಸುಮಾರು 2,550 ಹೆಕ್ಟೇರ್. ನಂಬಿಕೆ ಕಾಡು ಉಳಿಸಿತು, ಸರಿ. ಕಾಡು ಉಳಿಯಿತೆಂದು ದೇವತೆ ಇದ್ದಾಳೆಂದು ಸಿದ್ಧವಾಗದು. ಅಂಚಿನಲ್ಲಿ ಕಾಫಿ ಒತ್ತುವರಿ ಮಾಡಿದವನಿಗೆ ಏನೂ ಆಗಲಿಲ್ಲವೆಂದು ದೇವತೆ ಇಲ್ಲವೆಂದೂ ಆಗದು.

ಹಾಗಾದರೆ ಸೃಷ್ಟಿಕರ್ತನಾದ ದೇವರು? ಇಲ್ಲಿ ಜಾರ್ಜ್ ಲೆಮೈತ್ರ್ ನೆನಪಾಗಬೇಕು. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಸಮೀಕರಣ ಸಹಿತ ಬರೆದವರು, 1931ರಲ್ಲಿ ಆದಿಮ ಪರಮಾಣುವಿನ ಕಲ್ಪನೆ ಮುಂದಿಟ್ಟವರು. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ಸಿದ್ಧಾಂತ ಸೃಷ್ಟಿಯ ನಂಬಿಕೆಗೆ ಒತ್ತಾಸೆ ಎಂಬರ್ಥದಲ್ಲಿ ಮಾತಾಡಿದಾಗ ಖುಷಿಪಡಬೇಕಾದ ಪಾದ್ರಿಗೆ ಇರಿಸುಮುರಿಸಾಯಿತು. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಹೊರಗಿದೆ ಎಂಬುದು ಅವರ ನಿಲುವು. ಕಾರಣ ಸರಳ. ಇವತ್ತು ಮಹಾಸ್ಫೋಟಕ್ಕೆ ದೇವರನ್ನು ಕಟ್ಟಿದರೆ, ನಾಳೆ ಸಿದ್ಧಾಂತ ಬದಲಾದ ದಿನ ದೇವರನ್ನೂ ಬಿಚ್ಚಬೇಕಾಗುತ್ತದೆ. ನ್ಯೂಟನ್ ಈ ತಪ್ಪು ಮಾಡಿದ್ದರು. ಗ್ರಹಗಳ ಪರಸ್ಪರ ಸೆಳೆತದಿಂದ ಸೌರವ್ಯೂಹ ಕೆಡದಂತೆ ದೇವರು ಆಗಾಗ ಸರಿಪಡಿಸಬೇಕೆಂದು ಅವರ ಎಣಿಕೆ. ನೂರು ವರ್ಷದೊಳಗೆ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಆ ಏರುಪೇರುಗಳಲ್ಲಿ ಬಹಳಷ್ಟು ತಾವಾಗಿ ಹಿಂದಿರುಗುತ್ತವೆ ಎಂದು ತೋರಿಸಿಬಿಟ್ಟರು.

ನಮ್ಮ ದರ್ಶನಗಳಲ್ಲೂ ಎಲ್ಲರೂ ಒಂದೇ ದಾರಿ ಹಿಡಿದವರಲ್ಲ. ನೈಯಾಯಿಕರು ಈಶ್ವರನನ್ನು ತರ್ಕದಿಂದ ಸಾಧಿಸಲು ಹೊರಟರೆ, ವೈದಿಕ ಕರ್ಮವನ್ನು ಕೂದಲೆಳೆಯಷ್ಟೂ ಬಿಡದ ಮೀಮಾಂಸಕರು ಸೃಷ್ಟಿಕರ್ತ ಬೇಕಿಲ್ಲ ಎಂದರು. ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ಹಚ್ಚಿ ಕುಲದ ಹಿರಿಯರಾದ ಗುರುಕಾರೋಣರನ್ನು ನೆನೆಯುವಾಗಲೂ ಯಾರೂ ವಿಶ್ವದ ಆರಂಭದ ಬಗ್ಗೆ ವಾದ ಹೂಡುವುದಿಲ್ಲ. ನನ್ನ ತೀರ್ಮಾನ ಇಷ್ಟು: ದೇವರಿದ್ದಾನೆ ಎಂಬ ಬರಿಯ ನಂಬಿಕೆಗೂ ವಿಜ್ಞಾನಕ್ಕೂ ವಿರೋಧವಿಲ್ಲ, ಆದರೆ ವಿರೋಧವಿಲ್ಲದ್ದನ್ನು ಬೆಂಬಲ ಎಂದು ತಿಳಿಯುವಂತಿಲ್ಲ. ವಿಜ್ಞಾನ ಅಲ್ಲಿ ಸಾಕ್ಷಿ ಹೇಳಲು ಬಂದಿಲ್ಲ, ಕರೆದರೂ ಬರುವುದಿಲ್ಲ.

ನಿಜವಾಗಿ ಪೆಟ್ಟು ಬೀಳುವುದು ಇನ್ನೊಂದು ಕಡೆ. 2018ರ ಆಗಸ್ಟಿನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದಾಗ, 2020ರ ಆಗಸ್ಟಿನಲ್ಲಿ ತಲಕಾವೇರಿ ಪಕ್ಕದ ಗಜಗಿರಿ ಜಾರಿದಾಗ, ಕಾವೇರಮ್ಮೆಯ ಕೋಪ ಎಂಬ ಮಾತು ಬಂತು. ಸತ್ತವರ ಮನೆಯವರಿಗೆ ಈ ಮಾತು ಎಷ್ಟು ಕ್ರೂರ ಎಂಬುದು ಒಂದು ಕಡೆ ಇರಲಿ. ಗುಡ್ಡದ ಬುಡ ಕಡಿದು ಮನೆಯೋ ರಸ್ತೆಯೋ ಮಾಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ವಾರಗಟ್ಟಲೆ ಮಳೆ ಕುಡಿದ ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ ಹಿಡಿತ ಸಡಿಲುತ್ತದೆ. ಆಮೇಲೆ ಒಂದು ಜೋರು ಮಳೆ ಸಾಕು. ಕೋಪ ಎಂದುಕೊಂಡವರು ಶಾಂತಿ ಮಾಡಿಸುತ್ತಾರೆ, ಮಾಡಿಸಲಿ. ಆ ಸಮಾಧಾನದಲ್ಲಿ ಬರೆಯ ಮೇಲಿನ ಚರಂಡಿ ಕಟ್ಟಿಕೊಂಡಿರುವುದನ್ನು ನೋಡದೆ ಬಿಟ್ಟರೆ ಆಗ ನಂಬಿಕೆಗೂ ವಿಜ್ಞಾನಕ್ಕೂ ಹೊಂದುವುದಿಲ್ಲ ಎಂದು ಖಡಾಖಂಡಿತ ಹೇಳಬಹುದು. ಅಂಗಳದಲ್ಲಿ ಹೊಸ ಬಿರುಕು, ಇಳಿಜಾರಿನತ್ತ ವಾಲಿದ ಮರ, ಜಾಮ್ ಆಗುವ ಬಾಗಿಲು, ಎಂದೂ ಇಲ್ಲದ ಕಡೆ ಎದ್ದ ಜಲ, ಇದ್ದ ಜಲ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ನಿಲ್ಲುವುದು: ಇವುಗಳಲ್ಲಿ ಯಾವುದು ಕಂಡರೂ ಮಳೆ ನಿಲ್ಲಲೆಂದು ಕಾಯದೆ ಮನೆ ಬಿಡಬೇಕು. ಬಿರುಕಿಗೆ ನೀರಿಳಿಯದಂತೆ ಟಾರ್ಪಾಲು ಹೊದಿಸುವುದು, ಸಿಮೆಂಟು ಮೆತ್ತುವುದು ಎಲ್ಲ ಮಳೆ ಬಿಟ್ಟ ಮೇಲಿನ ಕೆಲಸ.

ಕೊನೆಗೆ ಮತ್ತೆ ಮೊದಲಿನ ಲೆಕ್ಕಕ್ಕೆ. 2025ರ ಮಧ್ಯಾಹ್ನ 1.44ಕ್ಕೆ ಆರು ಗಂಟೆ ಒಂಬತ್ತು ನಿಮಿಷ ಕೂಡಿದರೆ 2026ರ ತೀರ್ಥೋದ್ಭವ ಅಕ್ಟೋಬರ್ 17ರ ಸಂಜೆ 7.53ರ ಆಸುಪಾಸು ಬರಬೇಕು. ಪ್ರಕಟವಾದ ಸಮಯದೊಂದಿಗೆ ತಾಳೆ ನೋಡಿ. ಹದಿನೈದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ ಮೇಲಿನ ಮೊದಲ ಮೂರು ಪ್ಯಾರಾಗಳಲ್ಲಿ ಎಲ್ಲೋ ತಪ್ಪಿದೆ, ಹುಡುಕಬೇಕು.